ಹಾವಿನ ವಿಷಕ್ಕೆ ಹೊಸ ಪ್ರತಿಕಾಯ: ಕೊಳಕುಮಂಡಲದ ಸರದಿ ಯಾವಾಗ?

ಹಾವು ಕಡಿತದ ಇಂಜೆಕ್ಷನ್ನಿನ ಬಾಟಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಜಮಖಂಡಿಯಾಗಲಿ, ಇಂಡಿ ಊರಾಗಲಿ, ಅಥಣಿಯಾಗಲಿ, ಸರಕಾರಿ ಆಸ್ಪತ್ರೆಗೆ ಬರುವುದು ಇದೇ. ಸಣ್ಣ ಗಾಜಿನ ಬಾಟಲಿ, ತಳದಲ್ಲಿ ಬಿಳಿ ಪುಡಿ. ಅದಕ್ಕೆ 10 ಮಿ.ಲೀ. ನೀರು ಸೇರಿಸಿ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಗಡಿಬಿಡಿಯಲ್ಲಿ ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ. ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಲೆಕ್ಕ ಇರುತ್ತದೆ. ಒಂದು ಮಿ.ಲೀ. ಔಷಧ ನಾಗರಹಾವಿನ 0.6 ಮಿ.ಗ್ರಾಂ, ಕೊಳಕುಮಂಡಲದ 0.6, ಕಟ್ಟು ಹಾವಿನ 0.45, ಗರಗಸ ಮಂಡಲದ 0.45 ಮಿ.ಗ್ರಾಂ ವಿಷವನ್ನು ತಡೆಯುತ್ತದೆ.

ಅಂದರೆ ಒಂದು ಇಡೀ ಬಾಟಲಿ ಕೊಳಕುಮಂಡಲದ 6 ಮಿ.ಗ್ರಾಂ ವಿಷಕ್ಕೆ ಸಮ. ಆ ಹಾವು ಒಂದು ಸಲ ಕಚ್ಚಿದರೆ ಒಳಗೆ ಬಿಡುವ ವಿಷ ಸರಾಸರಿ 63 ಮಿ.ಗ್ರಾಂ ಎಂದು ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿ ಲೆಕ್ಕ ಹಿಡಿದಿದೆ. ಡಾಕ್ಟರು ಶುರುವಿಗೇ 8-10 ಬಾಟಲಿ ಏರಿಸುವುದು ಇದಕ್ಕೇ. ಅಷ್ಟೂ ಕುದುರೆಯ ರಕ್ತದಿಂದ ತೆಗೆದ ಪ್ರೋಟೀನು. ಮೈಯೆಲ್ಲ ದದ್ದು ಏಳಬಹುದು, ಉಸಿರು ಕಟ್ಟಬಹುದು, ಬಿ.ಪಿ. ಕುಸಿಯಬಹುದು. ಹಾಗಾಗಿ ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ತುಂಬಿಟ್ಟುಕೊಂಡೇ ಈ ಔಷಧ ಶುರು ಮಾಡುತ್ತಾರೆ.

ಈ ಪದ್ಧತಿಗೆ 125 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಇದನ್ನು ಶುರು ಮಾಡಿದರು. ನಾಗರಹಾವಿಗೆ ಮಾಡಿದ ಔಷಧ ಎಲ್ಲ ಹಾವಿಗೂ ಆಗುತ್ತದೆ ಎಂದು ಅವರು ನಂಬಿದ್ದರು. ಆಗುವುದಿಲ್ಲ ಎಂದು ತೋರಿಸಿಕೊಟ್ಟವರು ಬ್ರೆಜಿಲ್‌ನ ವೈಟಲ್ ಬ್ರೆಜಿಲ್. ಯಾವ ವಿಷ ಕೊಟ್ಟು ಔಷಧ ಮಾಡಿದಿರೋ ಅದು ಆ ವಿಷವನ್ನೇ ಹಿಡಿಯುತ್ತದೆ, ಬೇರೆಯದನ್ನು ಬಿಡುತ್ತದೆ. ಈ ಜಗಳ ಇನ್ನೂ ಮುಗಿದಿಲ್ಲ. ಈಗ ಅದು ಪ್ರಯೋಗಾಲಯಕ್ಕೆ ಬಂದಿದೆ, ಅಷ್ಟೇ ವ್ಯತ್ಯಾಸ.

2024ರ ಫೆಬ್ರುವರಿಯಲ್ಲಿ ಎರಡು ಸಂಗತಿ ನಡೆದವು. ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಅದೇ ತಿಂಗಳು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಶಾಲೆ ಎಲ್ಲರೂ ಸೇರಿ ಒಂದು ಪ್ರತಿಕಾಯದ, ಅಂದರೆ ವಿಷಕ್ಕೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನಿನ, ಸುದ್ದಿ ಪ್ರಕಟಿಸಿದರು. ಹೆಸರು 95ಮ್ಯಾಟ್5. ಕುದುರೆ ಬೇಡ. ಮನುಷ್ಯರ ಪ್ರತಿಕಾಯದ ಮಾದರಿಯಲ್ಲೇ ಪ್ರಯೋಗಾಲಯದಲ್ಲಿ ಕಟ್ಟಿದ್ದು. "ಎಲ್ಲ ಹಾವಿಗೂ ಒಂದೇ ಔಷಧ" ಎಂಬ ತಲೆಬರಹಗಳು ಆಗಿನಿಂದ ಬರುತ್ತಲೇ ಇವೆ. ವಿಜ್ಞಾನಿಗಳು ಅಷ್ಟು ದೊಡ್ಡ ಮಾತು ಆಡಿರಲಿಲ್ಲ. ತಲೆಬರಹ ಬರೆಯುವವರಿಗೆ ಅದು ಬೇಕಿತ್ತು.

ನನ್ನ ತಕರಾರು ಇಷ್ಟೇ. ಈ ಹೊಸ ಪ್ರತಿಕಾಯಗಳು ನಿಜಕ್ಕೂ ಜಾಣತನದ ಕೆಲಸ. ಆದರೆ ಅವು ಹಿಡಿಯುವುದು ನಾಗರ, ಕಟ್ಟು ಹಾವು, ಮಾಂಬಾ ಸೇರಿದ ನಾಗರಹಾವಿನ ಕುಟುಂಬದ ವಿಷವನ್ನು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಗದ್ದೆಯಲ್ಲಿ, ತೊಗರಿ ಹೊಲದಲ್ಲಿ ರೈತನ ಕಾಲಿಗೆ ಬಾಯಿ ಹಾಕುವ ಕೊಳಕುಮಂಡಲ ಅವುಗಳ ಪಟ್ಟಿಯಲ್ಲಿಲ್ಲ. ಹೀಗೇಕೆ ಆಯಿತು ಎಂದು ತಿಳಿಯಬೇಕಾದರೆ ಪ್ರತಿಕಾಯಕ್ಕೆ ಗುರಿಯನ್ನು ಹೇಗೆ ಕಲಿಸುತ್ತಾರೆ ಎಂದು ನೋಡಬೇಕು.

ಮೊದಲು ಕುದುರೆ. ನಾಲ್ಕು ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತ ಹೋಗುತ್ತಾರೆ. ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ರಕ್ತ ತೆಗೆದು, ಪ್ರತಿಕಾಯಗಳನ್ನು ಬೇರ್ಪಡಿಸಿ, ತುಂಡರಿಸಿ, ಒಣಗಿಸಿ ಬಾಟಲಿಗೆ ತುಂಬುತ್ತಾರೆ. ಆದರೆ ಆ ಕುದುರೆ ತನ್ನ ಜೀವಮಾನದಲ್ಲಿ ಧೂಳು, ಬ್ಯಾಕ್ಟೀರಿಯಾ, ಹುಳುಹುಪ್ಪಡಿ ಎಲ್ಲವನ್ನೂ ಕಂಡಿರುತ್ತದೆ, ಅಲ್ವಾ? ಅವುಗಳಿಗೆ ಹುಟ್ಟಿದ ಪ್ರತಿಕಾಯಗಳೂ ಬಾಟಲಿಗೆ ಬರುತ್ತವೆ. ವಿಷವನ್ನು ಹಿಡಿಯುವಂಥವು ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇನ್ನೂ ಒಂದು ತೊಡಕಿದೆ. ನಾಗರಹಾವಿನ ವಿಷದಲ್ಲಿ ನರಕ್ಕೆ ಹೊಡೆಯುವ ಪ್ರೋಟೀನು ತೀರ ಚಿಕ್ಕದು. 60-70 ಅಮೈನೊ ಆಮ್ಲಗಳ ಸರಪಳಿ, ಅಷ್ಟೇ. ಕುದುರೆಯ ರೋಗನಿರೋಧಕ ವ್ಯವಸ್ಥೆ ದೊಡ್ಡ ಪ್ರೋಟೀನುಗಳನ್ನು ಬೇಗ ಗುರುತಿಸುತ್ತದೆ, ಚಿಕ್ಕವನ್ನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಹೀಗಾಗಿ ಜೀವ ತೆಗೆಯುವ ಪ್ರೋಟೀನಿಗೇ ಕಡಿಮೆ ಪ್ರತಿಕಾಯ, ಅಷ್ಟೇನೂ ಹಾನಿ ಮಾಡದ ಪ್ರೋಟೀನಿಗೆ ಜಾಸ್ತಿ ಪ್ರತಿಕಾಯ ಹುಟ್ಟುವುದುಂಟು. ಯಾವುದು ಮುಖ್ಯ ಎಂದು ಕುದುರೆಗೆ ಹೇಳಿಕೊಡಲು ಬರುವುದಿಲ್ಲ.

ಪ್ರಯೋಗಾಲಯದಲ್ಲಿ ಹೇಳಿಕೊಡಬಹುದು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದರು. ಆಮೇಲೆ ಬಂದದ್ದು ಇನ್ನೂ ದೊಡ್ಡ ಹೆಜ್ಜೆ. ಪ್ರತಿಕಾಯದ ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ. ಅದರ ಎರಡು ತೋಳುಗಳ ತುದಿಯಲ್ಲಿ ಆರಾರು ಸಣ್ಣ ಬಳುಕುಗಳು, ಅಂದರೆ ಬಾಗಿದ ಕುಣಿಕೆಗಳು, ಇರುತ್ತವೆ. ಯಾವುದಕ್ಕೆ ಅಂಟಬೇಕು ಎಂಬುದು ತೀರ್ಮಾನವಾಗುವುದು ಆ ಬಳುಕುಗಳಲ್ಲಿ. ಅಲ್ಲಿನ ನಾಲ್ಕೈದು ಅಮೈನೊ ಆಮ್ಲ ಬದಲಿಸಿದರೆ ಅಂಟುವ ಜಾಗವೇ ಬದಲಾಗಬಹುದು. ಕೋಟಿಗಟ್ಟಲೆ ಬಗೆಯ ಬಳುಕುಗಳನ್ನು ತಯಾರಿಸಿ, ಒಂದೊಂದನ್ನು ಒಂದೊಂದು ವೈರಸ್ ಅಥವಾ ಯೀಸ್ಟ್ ಕಣದ ಮೈಮೇಲೆ ಕೂರಿಸಿ, ಬೇಕಾದ ಗುರಿಯನ್ನು ಎದುರಿಗಿಟ್ಟು, ಅಂಟಿಕೊಂಡವನ್ನು ಮಾತ್ರ ಆರಿಸುವ ವಿಧಾನ ಬೆಳೆಯಿತು. ವೈರಸ್ ಬಳಸುವ ವಿಧಾನಕ್ಕೆ ಜಾರ್ಜ್ ಸ್ಮಿತ್ ಮತ್ತು ಗ್ರೆಗರಿ ವಿಂಟರ್ 2018ರ ನೊಬೆಲ್ ಪಡೆದರು. ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಇದೇ ದಾರಿಯಲ್ಲಿ ಬಂದ ಔಷಧ.

95ಮ್ಯಾಟ್5 ಹುಟ್ಟಿದ್ದನ್ನು ನೋಡಿದರೆ ಈ ಆರಿಸುವಿಕೆ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತದೆ. ನಾಗರಹಾವಿನ ಕುಟುಂಬದ ಬೇರೆ ಬೇರೆ ಹಾವುಗಳಿಂದ ಆ ಚಿಕ್ಕ ನರವಿಷದ 16 ರೂಪಗಳನ್ನು ಆರಿಸಿಕೊಂಡರು. ಅವುಗಳ ಜೀನನ್ನು ಸಸ್ತನಿ ಜೀವಕೋಶಗಳಿಗೆ ಹಾಕಿ, ವಿಷದ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಐದು ಸಾವಿರ ಕೋಟಿಗಿಂತ ಹೆಚ್ಚು ಬಗೆಯ ಮಾನವ ಪ್ರತಿಕಾಯಗಳ ಸಂಗ್ರಹವನ್ನು ಮೊದಲು ಒಂದು ವಿಷಕ್ಕೆ ಒಡ್ಡಿದರು. ಉಳಿದವು ಸುಮಾರು 3,800. ಅವನ್ನು ಆ ನರವಿಷದ ಇನ್ನೂ ನಾಲ್ಕು ರೂಪಗಳಿಗೆ ಒಡ್ಡಿದರು. ಎಲ್ಲವನ್ನೂ ಹಿಡಿದವು 30. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದದ್ದು ಈ ಒಂದು.

ಇಲ್ಲಿ ಗಮನಿಸಬೇಕಾದ್ದು ಎರಡನೆಯ ಸುತ್ತು. ಮೊದಲ ಸುತ್ತಿಗೇ ನಿಲ್ಲಿಸಿದ್ದರೆ ಒಂದು ಹಾವಿನ ವಿಷಕ್ಕೆ ಗಟ್ಟಿಯಾಗಿ ಅಂಟುವ ಪ್ರತಿಕಾಯ ಸಿಕ್ಕಿರುತ್ತಿತ್ತು. ಪಕ್ಕದ ಜಿಲ್ಲೆಯ ಹಾವಿಗೆ ಅದು ಕೆಲಸಕ್ಕೆ ಬಾರದೆ ಹೋಗಬಹುದಿತ್ತು. ಐದು ವಿಷಗಳಲ್ಲೂ ಸಮಾನವಾಗಿರುವ ಜಾಗವನ್ನು ಹಿಡಿ ಎಂದು ಒತ್ತಾಯಿಸಿದಾಗ ಇದು ಸಿಕ್ಕಿತು. ಆ ಸಮಾನ ಜಾಗ ಯಾವುದು? ವಿಷ ನಮ್ಮ ಸ್ನಾಯುವಿನ ಮೇಲಿರುವ, ನರದ ಸಂದೇಶ ಪಡೆಯುವ ಅಸಿಟೈಲ್‌ಕೊಲಿನ್ ಗ್ರಾಹಕಕ್ಕೆ ಬಂದು ಕೂರುತ್ತದಲ್ಲ, ಹಾಗೆ ಕೂರಲು ಬಳಸುವ ಜಾಗವೇ ಅದು. ಈ ಪ್ರತಿಕಾಯದ ಒಂದು ಬಳುಕು ನಮ್ಮ ಗ್ರಾಹಕದ ವೇಷ ಹಾಕಿ ವಿಷವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾವು ತನ್ನ ವಿಷದ ಆ ಭಾಗವನ್ನು ಬದಲಿಸಿ ತಪ್ಪಿಸಿಕೊಳ್ಳಲು ಹೋದರೆ ಆ ವಿಷ ನಮ್ಮ ಸ್ನಾಯುವಿಗೂ ಅಂಟುವುದಿಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಜಾಗ. ಇಲಿಗಳಲ್ಲಿ ಏಷ್ಯಾದ ಕಟ್ಟು ಹಾವಿನ ಜಾತಿಯ ವಿಷಕ್ಕೂ ಆಫ್ರಿಕಾದ ಬ್ಲ್ಯಾಕ್ ಮಾಂಬಾ ವಿಷಕ್ಕೂ ಇದು ತಡೆ ಒಡ್ಡಿತು. ಎರಡು ಖಂಡದ ಹಾವುಗಳು, ಒಂದೇ ಪ್ರತಿಕಾಯ.

ಗುರಿಯ ಜಾಗ ಸರಿಯಾಗಿ ಆರಿಸದಿದ್ದರೆ ಏನಾಗುತ್ತದೆ ಎಂದು ನಾವೆಲ್ಲ ಕಂಡಿದ್ದೇವೆ. 2021ರಲ್ಲಿ ಕೋವಿಡ್‌ಗೆ ಎರಡು ಪ್ರತಿಕಾಯಗಳ ಕಾಕ್‌ಟೇಲ್ ಬಂದಿತ್ತು. ಒಂದು ಡೋಸಿಗೆ 59,750 ರೂಪಾಯಿ. ದುಡ್ಡಿದ್ದವರು ಹಾಕಿಸಿಕೊಂಡರು. ಆಗ ಅದು ಕೆಲಸವನ್ನೂ ಮಾಡಿತು. ಒಮಿಕ್ರಾನ್ ಬಂತು, ವೈರಸ್ಸು ಆ ಜಾಗಗಳನ್ನೇ ಬದಲಿಸಿಕೊಂಡಿತು, ಅಷ್ಟು ದುಬಾರಿ ಔಷಧ ಕೆಲವೇ ತಿಂಗಳಲ್ಲಿ ಮೂಲೆ ಸೇರಿತು.

ಹಾಗಾದರೆ ಎಲ್ಲಕ್ಕೂ ಅಂಟುವ ಪ್ರತಿಕಾಯವನ್ನೇ ಮಾಡಿದರೆ ಮುಗಿಯಿತಲ್ಲ? ಇಲ್ಲ. ಹೊಲದ ಬದುವಿನ ಮೇಲೆ ನಡೆದರೆ ಉತ್ತರಾಣಿ ಬೀಜ ಗೌಡರ ಧೋತರ, ಆಳಿನ ಲುಂಗಿ, ನಾಯಿಯ ಬಾಲ ಏನನ್ನೂ ಬಿಡದೆ ಅಂಟಿಕೊಳ್ಳುತ್ತದೆ. ಕೆಲವು ಪ್ರತಿಕಾಯಗಳ ತುದಿಯೂ ಹಾಗೇ. ಧನ ವಿದ್ಯುದಂಶ ಜಾಸ್ತಿಯಾದರೆ, ನೀರನ್ನು ದೂರ ತಳ್ಳುವ ಅಂಶ ಜಾಸ್ತಿಯಾದರೆ, ಅದು ವಿಷಕ್ಕೂ ಅಂಟುತ್ತದೆ, ರಕ್ತನಾಳದ ಗೋಡೆಗೂ ಅಂಟುತ್ತದೆ. ಪ್ರತಿಕಾಯವನ್ನು ಇನ್ನಷ್ಟು ಗಟ್ಟಿಯಾಗಿ ಅಂಟುವಂತೆ ತಿದ್ದುತ್ತ ಹೋದಾಗ ಈ ಕಾಯಿಲೆ ಗೊತ್ತಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಆರಿಸುವಾಗ ಉಲ್ಟಾ ಪರೀಕ್ಷೆಯೂ ಇರುತ್ತದೆ. ಅಂಟಬಾರದ ಪ್ರೋಟೀನುಗಳನ್ನು ಎದುರಿಗಿಟ್ಟು, ಅವಕ್ಕೆ ಅಂಟಿಕೊಂಡವನ್ನು ಎತ್ತಿ ಬಿಸಾಕುತ್ತಾರೆ.

ಉಲ್ಟಾ ಪರೀಕ್ಷೆಯಲ್ಲಿ ಒಂದೇ ಒಂದು ಪ್ರೋಟೀನು ಬಿಟ್ಟುಹೋದರೂ ಅನಾಹುತ. ರೋಗದ ಜೀವಕೋಶಗಳನ್ನು ಕೊಲ್ಲುವ ಟಿ ಜೀವಕೋಶದ ಮೇಲೆ, ಪ್ರತಿಕಾಯದ ಹತ್ತಿರದ ಸಂಬಂಧಿ ಎನ್ನಬಹುದಾದ ಗ್ರಾಹಕವೊಂದಿರುತ್ತದೆ. ಅದನ್ನು ಕ್ಯಾನ್ಸರಿನ ಒಂದು ಗುರುತಿಗೆ ಗಟ್ಟಿಯಾಗಿ ಅಂಟುವಂತೆ ತಿದ್ದಿ ಇಬ್ಬರು ರೋಗಿಗಳಿಗೆ ಕೊಟ್ಟಿದ್ದರು. 2013ರಲ್ಲಿ ಅದರ ವರದಿ ಹೊರಬಂತು. ಆ ಗುರುತನ್ನೇ ಹೋಲುವ ಒಂದು ತುಣುಕು ಹೃದಯದ ಸ್ನಾಯುವಿನ ಟೈಟಿನ್ ಎಂಬ ಪ್ರೋಟೀನಿನಲ್ಲೂ ಇತ್ತು. ಇಬ್ಬರೂ ತೀರಿಕೊಂಡರು. ತಿದ್ದುವ ಮೊದಲಿನ ಗ್ರಾಹಕ ಮೃದುವಾಗಿ ಅಂಟುತ್ತಿತ್ತು. ಬಿಗಿ ಜಾಸ್ತಿಯಾದಾಗ ಹೃದಯವೂ ಗುರಿಯೊಳಗೆ ಬಂತು.

ಈಗ ಮಂಡಲಗಳ ಕಡೆ ಬರೋಣ. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಎಂದು 2000ದಿಂದ 2019ರವರೆಗಿನ ಸಾವುಗಳ ಅಧ್ಯಯನ ಅಂದಾಜಿಸಿದೆ. ಯಾವ ಹಾವು ಎಂದು ಗುರುತಾದ ಪ್ರಕರಣಗಳಲ್ಲಿ ಮೊದಲ ಸ್ಥಾನ ಕೊಳಕುಮಂಡಲದ್ದು. ಕಟ್ಟು ಹಾವು, ನಾಗರಹಾವು ಅದರ ನಂತರ. ಆದರೆ ಪ್ರತಿಕಾಯದ ಸಂಶೋಧನೆ ಓಡುತ್ತಿರುವುದು ಇನ್ನೊಂದು ದಿಕ್ಕಿಗೆ. 2025ರ ಮೇ ತಿಂಗಳಲ್ಲಿ ಬಂದ ಇನ್ನೊಂದು ಸುದ್ದಿ ನಿಮಗೆ ನೆನಪಿರಬಹುದು. ಅಮೆರಿಕದ ಟಿಮ್ ಫ್ರೀಡ್ ಎಂಬಾತ ವರ್ಷಗಟ್ಟಲೆ ತನಗೆ ತಾನೇ ವಿಷ ಚುಚ್ಚಿಕೊಂಡು, ಹಾವುಗಳಿಂದ ಕಚ್ಚಿಸಿಕೊಂಡು ಬದುಕಿದವನು. ಅವನ ರಕ್ತದಿಂದ ಎರಡು ಪ್ರತಿಕಾಯ ತೆಗೆದು, ವಿಷದ ಒಂದು ಬಗೆಯ ಕಿಣ್ವವನ್ನು ತಡೆಯುವ ವರೆಸ್ಪ್ಲಾಡಿಬ್ ಎಂಬ ಔಷಧ ಜೊತೆಗೆ ಸೇರಿಸಿದರು. 19 ಜಾತಿಯ ಹಾವಿನ ವಿಷ ಕೊಟ್ಟು ನೋಡಿದರು. 13ರಿಂದ ಇಲಿಗಳಿಗೆ ಪೂರ್ತಿ ರಕ್ಷಣೆ, 6ರಿಂದ ಭಾಗಶಃ ರಕ್ಷಣೆ. ಹತ್ತೊಂಬತ್ತೂ ನಾಗರಹಾವಿನ ಕುಟುಂಬದವು. ಒಂದೂ ಮಂಡಲ ಇಲ್ಲ.

ಇದು ಯಾರ ಪಕ್ಷಪಾತವೂ ಅಲ್ಲ. ನಾಗರಹಾವಿನ ನರವಿಷ ಚಿಕ್ಕದು, ಅದರ ಕೆಲಸ ಒಂದೇ, ಕೆಲಸ ಮಾಡುವ ಜಾಗವೂ ಒಂದೇ. ಹಾಗಾಗಿ ಆ ನರವಿಷಕ್ಕೆ ಒಂದೆರಡು ಪ್ರತಿಕಾಯ ಸಾಕಾಗಬಹುದು. ಕೊಳಕುಮಂಡಲದ ವಿಷದಲ್ಲಿ ಹತ್ತಾರು ಕಿಣ್ವಗಳಿವೆ, ಬೇರೆ ಬೇರೆ ಕುಟುಂಬದವು. ಒಂದು ಕಿಣ್ವ ರಕ್ತ ಹೆಪ್ಪುಗಟ್ಟಿಸುವ ಹತ್ತನೇ ಅಂಶವನ್ನು ಎಬ್ಬಿಸುತ್ತದೆ, ಇನ್ನೊಂದು ಐದನೇ ಅಂಶವನ್ನು. ಮೈಯಲ್ಲಿರುವ ಹೆಪ್ಪುಗಟ್ಟಿಸುವ ಸಾಮಗ್ರಿ ಸುಮ್ನೆ ಖರ್ಚಾಗಿ ಹೋಗುತ್ತದೆ. ಆಮೇಲೆ ಒಸಡಿನಿಂದ, ಮೂತ್ರದಲ್ಲಿ ರಕ್ತ ನಿಲ್ಲದೆ ಹೋಗುತ್ತದೆ. ಮೂರನೆಯ ಗುಂಪು ಜೀವಕೋಶಗಳ ಪೊರೆಯನ್ನೇ ಒಡೆಯುತ್ತದೆ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಹೋಗುವವರು ಹೆಚ್ಚಾಗಿ ಈ ಹಾವು ಕಚ್ಚಿದವರೇ.

ಇದರಲ್ಲಿ ನನಗೆ ತೀರ ಕಷ್ಟ ಎನಿಸುವುದು ಲೋಹ ಬೇಡುವ ಪ್ರೋಟಿಯೇಸುಗಳದ್ದು, ಅಂದರೆ ಲೋಹದ ನೆರವಿನಿಂದ ಪ್ರೋಟೀನು ಕತ್ತರಿಸುವ ಕಿಣ್ವಗಳದ್ದು. 95ಮ್ಯಾಟ್5 ಮಾಡಿದ ಹಾಗೆ ಎಲ್ಲ ಮಂಡಲಗಳಲ್ಲೂ ಸಮಾನವಾಗಿರುವ, ಕೆಲಸ ನಡೆಯುವ ಜಾಗವನ್ನು ಹಿಡಿಯೋಣ ಎಂದರೆ, ಆ ಜಾಗ ನಮ್ಮ ಮೈಯಲ್ಲೇ ಇರುವ ಕಿಣ್ವಗಳಿಗೂ ಹೋಲುತ್ತದೆ. ಈ ವಿಷದ ಕಿಣ್ವಗಳು ಹುಟ್ಟಿದ್ದೇ ಪ್ರಾಣಿಗಳ ಮೈಯ ಸಾಮಾನ್ಯ ಕಿಣ್ವಗಳಿಂದ. ಹೆಚ್ಚು ಹಾವುಗಳನ್ನು ಹಿಡಿಯಲು ಗುರಿಯನ್ನು ಅಗಲ ಮಾಡಿದಷ್ಟೂ ನಮ್ಮದೇ ಕಿಣ್ವಕ್ಕೆ ಹತ್ತಿರ ಹೋಗುತ್ತೇವೆ. ಅದೂ ಅಲ್ಲದೆ ಆ ಜಾಗ ಆಳದ ಸಂದಿಯೊಳಗಿದೆ, ಪ್ರತಿಕಾಯದ ದಪ್ಪ ತುದಿ ಅಲ್ಲಿ ಸುಲಭವಾಗಿ ತೂರುವುದಿಲ್ಲ. ಸಂದಿಯ ಆಚೀಚೆ ಹಿಡಿಯೋಣ ಎಂದರೆ ಅಲ್ಲಿ ಹಾವಿನಿಂದ ಹಾವಿಗೆ ವ್ಯತ್ಯಾಸ.

ವ್ಯತ್ಯಾಸ ಎಷ್ಟಿದೆ ಎಂಬುದಕ್ಕೆ ಸುನಗರ್ ಅವರ ತಂಡದ್ದೇ ಇನ್ನೊಂದು ಕೆಲಸ ನೋಡಬಹುದು. ದೇಶದ 34 ಜಾಗಗಳಿಂದ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ 2025ರಲ್ಲಿ ವರದಿ ಕೊಟ್ಟರು. ಒಂದೇ ಜಾತಿಯ ಹಾವು, ಆದರೆ ವಿಷ ಊರೂರಿಗೆ ಬೇರೆ. ಅಲ್ಲಿನ ಉಷ್ಣಾಂಶ, ಮಳೆಗೂ ವಿಷಕ್ಕೂ ಸಂಬಂಧ ಕಾಣಿಸಿತು. ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಜಾಸ್ತಿ ಇತ್ತು. ವಿಜಯಪುರ, ಬಾಗಲಕೋಟೆಗಿಂತ ಒಣ ನೆಲ ಕರ್ನಾಟಕದಲ್ಲಿ ಹುಡುಕಿದರೆ ಎಷ್ಟು ಸಿಕ್ಕೀತು? ಇತ್ತ ನಮ್ಮ ದೇಶದ ಔಷಧ ಕಂಪನಿಗಳು ಕುದುರೆಗೆ ಚುಚ್ಚುವ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಆ ಸಂಘದವರ ಕೆಲಸ ದೊಡ್ಡದು. ಆದರೆ ಅವರು ಹಿಡಿಯುವುದು ತಮಿಳುನಾಡಿನ ಹಾವು.

ಬೆಳಗಾವಿ ಜಿಲ್ಲೆಯದ್ದು ಇನ್ನೂ ಮಜಾ. ಅಥಣಿ, ಗೋಕಾಕದ ಕಡೆ ಬಯಲು. ಖಾನಾಪುರ ದಾಟಿದರೆ ಸಹ್ಯಾದ್ರಿಯ ಕಾಡು. ಘಟ್ಟದ ಗೂನುಮೂಗಿನ ಮಂಡಲ, ಹಸಿರು ಗುಳಿಮಂಡಲಗಳಿಗೆ ಬಾಟಲಿಯ ಚೀಟಿಯಲ್ಲಿ ಜಾಗವೇ ಇಲ್ಲ. ಚೀಟಿಯಲ್ಲಿರುವುದು ನಾಲ್ಕೇ ಹಾವು.

ಇಷ್ಟೆಲ್ಲ ಬೈದರೂ ಕುದುರೆಯ ಔಷಧದ ಒಂದು ಗುಣವನ್ನು ಒಪ್ಪಲೇಬೇಕು. ನಾಲ್ಕು ಹಾವಿಗೂ ಒಂದೇ ಬಾಟಲಿ. ಯಾವ ಹಾವು ಎಂದು ಗೊತ್ತಾಗದಿದ್ದರೂ ಚಿಕಿತ್ಸೆ ಶುರು ಮಾಡಬಹುದು. ರಾತ್ರಿ ಎರಡು ಗಂಟೆಗೆ ತಾಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾತು ಹೀಗಿರುತ್ತದೆ.

"ಯಾವ ಹುಳಾ ಕಡದೈತಿ, ನೋಡೀರೇನು?"

"ಕತ್ತಲದಾಗ ಏನ್ ಕಾಣ್ತೈತ್ರಿ ಡಾಕ್ಟರ್ ಸಾಹೇಬ್ರ. ಕಬ್ಬಿಗೆ ನೀರ ಬಿಡಾಕ ಹೋಗಿದ್ನಿರಿ. ಥಟ್ ಅಂತ ಚುಚ್ಚಿದಂಗಾತು."

ಆಗ ಡಾಕ್ಟರು ಮಾಡುವ ಪರೀಕ್ಷೆ ಬಹಳ ಸರಳ. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಯಲ್ಲಿ ಒಂದೆರಡು ಮಿ.ಲೀ. ರಕ್ತ ಹಿಡಿದು, ಅಲುಗಾಡಿಸದೆ 20 ನಿಮಿಷ ಬಿಡುತ್ತಾರೆ. ಆಮೇಲೆ ಬಗ್ಗಿಸುತ್ತಾರೆ. ರಕ್ತ ಗಟ್ಟಿಯಾಗದೆ ಹರಿದರೆ ಮಂಡಲದ ಕಡಿತ ಎಂದು ಅರ್ಥ. ಗಟ್ಟಿಯಾಗಿದ್ದು, ಕಣ್ಣುರೆಪ್ಪೆ ಜೋತು ಬೀಳುತ್ತಿದ್ದರೆ ನಾಗರ ಅಥವಾ ಕಟ್ಟು ಹಾವು. ಈಗ ಈ ಪರೀಕ್ಷೆ ಔಷಧ ಶುರು ಮಾಡಬೇಕೋ ಬೇಡವೋ, ಇನ್ನಷ್ಟು ಕೊಡಬೇಕೋ ಎಂದು ತಿಳಿಯಲು ಸಾಕು. ನಾಳೆ ನಾಗರಹಾವಿನ ಕುಟುಂಬಕ್ಕೆ ಮಾತ್ರ ಆಗುವ ಪ್ರತಿಕಾಯ ಬಂದರೆ, ಯಾವ ಬಾಟಲಿ ತೆಗೆಯಬೇಕು ಎನ್ನುವುದೂ ಇದರ ಮೇಲೆಯೇ ನಿಲ್ಲುತ್ತದೆ. ಆ ನಳಿಕೆಯನ್ನು ಸೋಪಿನಲ್ಲಿ ತೊಳೆದಿದ್ದರೆ ಫಲಿತಾಂಶವೇ ಉಲ್ಟಾ ಆಗುತ್ತದೆ ಎಂಬುದು ಬೇರೆ ಮಾತು. ಪ್ರತಿಕಾಯದ ಗುರಿ ನಿಖರವಾದಷ್ಟೂ ಅದನ್ನು ಬಳಸುವವರ ಕೈಯೂ ನಿಖರವಾಗಿರಬೇಕು. ಈ ಖರ್ಚನ್ನು ಯಾರೂ ಲೆಕ್ಕ ಹಾಕುತ್ತಿಲ್ಲ.

ದುಡ್ಡಿನ ಮಾತೂ ಇದೆ. ಹಾವು ಕಚ್ಚುವುದು ಬಡವರಿಗೆ. ಒಂದು ಹಾವಿಗೆ, ಒಂದು ಪ್ರದೇಶಕ್ಕೆ ಎಂದು ಔಷಧ ಮಾಡಿದರೆ ಯಾವ ಕಂಪನಿಗೂ ಅಸಲು ಬರುವುದಿಲ್ಲ. ಆಫ್ರಿಕಾಕ್ಕೂ ಏಷ್ಯಾಕ್ಕೂ ಒಂದೇ ಪ್ರತಿಕಾಯ ಎಂದರೆ ಲೆಕ್ಕ ಕೂಡಿಬರುತ್ತದೆ. ಗುರಿ ಅಗಲವಾಗಿರಲಿ ಎಂಬ ಹಟಕ್ಕೆ ವಿಜ್ಞಾನದಷ್ಟೇ ಮಾರುಕಟ್ಟೆಯೂ ಕಾರಣ. ಅದನ್ನು ತಪ್ಪು ಎನ್ನಲಾರೆ. ಆದರೆ ಅಗಲದ ಲೆಕ್ಕದಲ್ಲಿ ಒಂದು ಒಣ ಜಿಲ್ಲೆಯ ವಿಷ ಬಿಟ್ಟುಹೋದರೆ ಅದನ್ನು ಕೇಳುವವರು ಯಾರು?

ಆಗುವುದೇ ಇಲ್ಲ ಎಂದೂ ಅಲ್ಲ. ನಾಯಿ ಕಡಿತಕ್ಕೂ ಮೊದಲು ಕುದುರೆಯ ಸೀರಂ ಕೊಡುತ್ತಿದ್ದರು, ಈಗಲೂ ಹಲವು ಕಡೆ ಕೊಡುತ್ತಾರೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ರೇಬೀಸ್ ವೈರಸ್ಸಿಗೆ ಒಂದೇ ಪ್ರತಿಕಾಯದ ಔಷಧ ತಂದಿತು. ಅಹಮದಾಬಾದಿನ ಝೈಡಸ್ ಎರಡು ಪ್ರತಿಕಾಯ ಸೇರಿಸಿ ತಂದಿತು. ವೈರಸ್ಸು ಒಂದು ಜಾಗ ಬದಲಿಸಿದರೂ ಇನ್ನೊಂದು ಹಿಡಿದಿರಲಿ ಎಂಬುದು ಅದರ ಲೆಕ್ಕ. ಎರಡೂ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಮಂಡಲಕ್ಕೂ ಇದೇ ದಾರಿ ಎಂದು ನನಗನಿಸುತ್ತದೆ. ಒಂದೇ ಪ್ರತಿಕಾಯದಿಂದ ಎಲ್ಲ ಹಿಡಿಯುವ ಆಸೆ ಬಿಟ್ಟು, ಹೆಚ್ಚು ಹಾನಿ ಮಾಡುವ ನಾಲ್ಕೈದು ಕಿಣ್ವಕ್ಕೆ ಒಂದೊಂದು ಪ್ರತಿಕಾಯ. ವರೆಸ್ಪ್ಲಾಡಿಬ್‌ನಂಥ ಸಣ್ಣ ಅಣುವಿನ ಔಷಧ ಜೊತೆಗೆ ಇರಬಹುದು. ಅದನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹಾವು ಕಚ್ಚಿದವರಿಗೆ ಕೊಟ್ಟು ನೋಡಿದ್ದಾರೆ. ಅಂದುಕೊಂಡ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಹಾಗಂತ ಪೂರ್ತಿ ಕೈಬಿಡುವ ಔಷಧವೂ ಅದಲ್ಲ.

ಇದರಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಮಾಡಲು ಕೆಲಸವಿದೆ. ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋ ಬೆಳಗಾವಿಯಲ್ಲೇ ಇದೆ, ಈಗ ಜನಕ್ಕೆ ಅದು ಮೈದಾನ ಎಂದೇ ಪರಿಚಯ. ಮೂರೂ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ. ಹಾವು ಕಡಿತದ ವರದಿ ಈಗ ಕಡ್ಡಾಯ. ಆ ವರದಿಯ ಜೊತೆಗೆ 20 ನಿಮಿಷದ ಪರೀಕ್ಷೆಯ ಫಲಿತಾಂಶ, ಎಷ್ಟು ಬಾಟಲಿ ಏರಿಸಿದ ಮೇಲೆ ರಕ್ತ ಗಟ್ಟಿಯಾಯಿತು, ಕಿಡ್ನಿ ಏನಾಯಿತು ಎಂಬುದನ್ನೂ ಬರೆದಿಟ್ಟರೆ ಸಾಕು. ಬಾಟಲಿಯ ಚೀಟಿಯ ಲೆಕ್ಕ ನಮ್ಮ ನೆಲದ ಹಾವಿಗೆ ಎಲ್ಲಿ ತಪ್ಪುತ್ತದೆ ಎಂದು ಎರಡು-ಮೂರು ಮಳೆಗಾಲದಲ್ಲಿ ಕಾಣಿಸುತ್ತದೆ. ಆಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ಇಂಡಿ, ಬೀಳಗಿ, ಖಾನಾಪುರದ ಹಾವುಗಳ ವಿಷ ತೆಗೆದು ಕಳಿಸಬೇಕು. ಪ್ರತಿಕಾಯವನ್ನು ಆರಿಸುವ ಎರಡನೆಯ ಸುತ್ತಿನಲ್ಲಿ ಯಾವ ವಿಷಗಳನ್ನು ಎದುರಿಗಿಡುತ್ತಾರೋ ಅವಕ್ಕೇ ಔಷಧ ತಯಾರಾಗುವುದು. ಆ ಸಾಲಿನಲ್ಲಿ ನಮ್ಮ ಕೊಳಕುಮಂಡಲದ ನಳಿಕೆಯೂ ಒಂದಿರಬೇಕು.